ಬಾತುಗಳು ಹೋದ ಮೇಲೆ ಬೋನಾಳ

ಸುರಪುರದ ಸಮೀಪದ ಬೋನಾಳ ಕೆರೆಗೆ ಹೊರಗಿನವರು ಬರುವ ಕಾಲ ನಿಶ್ಚಿತವಾಗಿದೆ. ಕಾರ್ತಿಕ ಕಳೆದು ಚಳಿ ಹಿಡಿಯುವ ಹೊತ್ತಿಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಬಕ, ಕೊಕ್ಕರೆ, ಕೆಂಬರಲುಗಳೊಡನೆ ಅವು ನೀರನ್ನು ಹಂಚಿಕೊಂಡಿರುವ ಮೂರು ನಾಲ್ಕು ತಿಂಗಳು ಕೆರೆಯ ಏರಿಯ ಮೇಲೆ ಕ್ಯಾಮೆರಾ ಹಿಡಿದವರು ಕಾಣುತ್ತಾರೆ, ಶಾಲೆಯ ಮಕ್ಕಳು ಸಾಲಾಗಿ ನಡೆಯುತ್ತಾರೆ. ಯುಗಾದಿಯ ಹೊತ್ತಿಗೆ ಬಾತುಗಳು ಹೊರಡುತ್ತವೆ, ಅವುಗಳ ಹಿಂದೆಯೇ ನೋಡಲು ಬಂದವರೂ ಹೊರಡುತ್ತಾರೆ. ಪ್ರವಾಸದ ಕೈಪಿಡಿಗಳ ಪಾಲಿಗೆ ಬೋನಾಳದ ವರ್ಷ ಅಲ್ಲಿಗೆ ಮುಗಿಯಿತು. ಯಾದಗಿರಿ ಜಿಲ್ಲೆಯ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವ ಮುಂದಿನ ತಿಂಗಳುಗಳಲ್ಲಿ ಅಲ್ಲಿಗೆ ಹೋಗಲು ಕಾರಣವಿಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ಇತಿಹಾಸ ಮತ್ತು ಸಾಹಿತ್ಯದ ಸಂಶೋಧಕರೂ ಈ ಅಭಿಪ್ರಾಯವನ್ನು ಒಪ್ಪಿಕೊಂಡಂತೆ ನಡೆಯುತ್ತಿರುವುದು ಮಾತ್ರ ಚಿಂತಿಸಬೇಕಾದ ಸಂಗತಿ.

ನೀರು ತಗ್ಗಿದಾಗಲೇ ಕೆರೆಯೊಂದು ಮನುಷ್ಯ ಕಟ್ಟಿದ ಕಟ್ಟಡವೆಂಬುದು ಸ್ಪಷ್ಟವಾಗುತ್ತದೆ. ತುಂಬಿದ ಕೆರೆಯಲ್ಲಿ ಕಣ್ಣು ಮೊದಲು ನೀರಿಗೆ, ಆಮೇಲೆ ನೀರಿನ ಮೇಲಿನ ಹಕ್ಕಿಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಬೇಸಿಗೆಯ ಕೆರೆಯಲ್ಲಿ ಏರಿಯ ಒಳಮೈ, ತೂಬು ನಿಂತ ಜಾಗ, ಕೋಡಿ ಹರಿಯುವ ಮಟ್ಟ, ಅಂಗಳದ ಇಳಿಜಾರು ಒಂದೊಂದಾಗಿ ಹೊರಬರುತ್ತವೆ. ಬೋನಾಳದ ಕೆರೆಯನ್ನು ಹದಿನೇಳನೆಯ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದನೆಂದೂ ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ದುರಸ್ತಿಗೊಳಿಸಿದನೆಂದೂ ಹೇಳುವ ಒಂದು ವಾಕ್ಯ ಕೈಪಿಡಿಯಿಂದ ಕೈಪಿಡಿಗೆ ಸಾಗಿಬಂದಿದೆ. ಚಳಿಗಾಲದ ಸಂದರ್ಶಕನಿಗೆ ಅದು ಓದಿ ಮರೆಯುವ ಮಾಹಿತಿ. ಬರಿದಾದ ಅಂಗಳದ ಅಂಚಿನಲ್ಲಿ ನಿಂತವನಿಗೆ ಅದೇ ವಾಕ್ಯ ಪ್ರಶ್ನೆಗಳಾಗಿ ಒಡೆಯುತ್ತದೆ. ಮೊದಲ ಕಟ್ಟಡ ಎಲ್ಲಿಯವರೆಗೆ, ದುರಸ್ತಿ ಎಲ್ಲಿಂದ? ಬಿಜಾಪುರದ ಸುಲ್ತಾನರಿಗೂ ಮೊಘಲರಿಗೂ ನಡುವೆ ಸಿಲುಕಿದ್ದ ಒಂದು ಬೇಡ ಸಂಸ್ಥಾನ ಇಷ್ಟು ದೊಡ್ಡ ಕೆರೆಗೆ ಬೇಕಾದ ಮಣ್ಣು, ಕಲ್ಲು, ಕೂಲಿಗಳನ್ನು ಹೇಗೆ ಒದಗಿಸಿತು? ತೂಬು ತೆರೆದಾಗ ಯಾರ ಹೊಲಕ್ಕೆ ಮೊದಲು ನೀರು ಹರಿಯುತ್ತಿತ್ತು? ಈ ಪ್ರಶ್ನೆಗಳು ಹುಟ್ಟುವ ಕಾಲಕ್ಕೆ ಪ್ರಶ್ನೆ ಕೇಳಬೇಕಾದವರು ಅಲ್ಲಿರುವುದಿಲ್ಲ.

ಅಪರಿಚಿತ ಸ್ಥಳವೆಂದರೆ ದೂರದ ಸ್ಥಳ, ದಾರಿಯಿಲ್ಲದ ಸ್ಥಳ ಎಂಬ ಭಾವನೆ ಬಲವಾಗಿ ಬೇರೂರಿದೆ. ಕೃಷ್ಣಾ–ಭೀಮಾ ನದಿಗಳ ನಡುವಿನ ಸುರಪುರ ದೋಆಬಿನ ಅಧ್ಯಯನದ ಚರಿತ್ರೆ ಹೇಳುವುದು ಬೇರೆ. ಇಲ್ಲಿ ಬೆಳಕಿಗೆ ಬಂದ ಮುಖ್ಯ ನೆಲೆಗಳೆಲ್ಲ ಹಳ್ಳಿಯ ಪಕ್ಕದವು, ಬಂಡಿದಾರಿಯ ಬದಿಯವು, ದಿನವೂ ಜನ ದಾಟಿಹೋಗುವಂಥವು. ಅವು ವಿದ್ವತ್ತಿನ ಕಣ್ಣಿಗೆ ಬಿದ್ದದ್ದು ಯಾರೋ ಒಬ್ಬರು ಅಲ್ಲಿ ವರ್ಷಗಟ್ಟಲೆ ಇದ್ದು, ಹಂಗಾಮಲ್ಲದ ಹಂಗಾಮಿನಲ್ಲೂ ಅಲೆದಾಡಿದ ಮೇಲೆ. ದೂರ ಹೋಗುವುದಕ್ಕಿಂತ ಇರುವುದೇ ಇಲ್ಲಿ ಹೆಚ್ಚು ಫಲ ಕೊಟ್ಟಿದೆ. ಒಂದು ದಿನದ ಕ್ಷೇತ್ರಭೇಟಿಯನ್ನೇ ಕ್ಷೇತ್ರಕಾರ್ಯವೆಂದು ಭಾವಿಸುವ ಇಂದಿನ ಸಂಶೋಧನಾ ಪದ್ಧತಿಗೆ ಈ ಚರಿತ್ರೆ ಒಂದು ತಿದ್ದುಪಡಿ.

ಮೊದಲ ಉದಾಹರಣೆ ಟೇಲರನೇ. 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಹೈದರಾಬಾದ್ ನಿಜಾಮನ ಸೇವೆಗೆ ಸೇರಿದ ಫಿಲಿಪ್ ಮೆಡೋಸ್ ಟೇಲರ್ ಸಾಹಿತ್ಯದ ವಿದ್ಯಾರ್ಥಿಗಳಿಗೆ 1839ರ ಠಗ್ಗರ ಕಾದಂಬರಿಯ ಮೂಲಕ ಪರಿಚಿತ. 1840ರ ದಶಕದ ಆರಂಭದಲ್ಲಿ ಸುರಪುರದ ಎಳೆಯ ಅರಸ ವೆಂಕಟಪ್ಪನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಅವನು 1853ರವರೆಗೆ ಅಲ್ಲಿಯೇ ಉಳಿದ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿದೆ. ಕಂದಾಯ, ರಸ್ತೆ, ಕೆರೆ, ವ್ಯಾಜ್ಯಗಳ ಕೆಲಸಕ್ಕಾಗಿ ವರ್ಷವಿಡೀ ಹಳ್ಳಿ ಸುತ್ತಬೇಕಾಗಿದ್ದ ಈ ಅಧಿಕಾರಿ ಜೇವರ್ಗಿಯ ಬಳಿಯ ಕಲ್ಲುಗುಪ್ಪೆಗಳನ್ನು ತೆಗೆಸಿ ನೋಡಿದ. ರಾಜನಕೋಳೂರಿನ ಕಲ್ಲುಮನೆಗಳನ್ನು ಅಳೆದು ಚಿತ್ರಿಸಿದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಜೋಡಿಸಿದ ಬಂಡೆಗಳನ್ನು ದಾಖಲಿಸಿದ. 1850ರ ದಶಕದ ಆರಂಭದಲ್ಲಿ ಬೊಂಬಾಯಿಯ ಏಷ್ಯಾಟಿಕ್ ಸೊಸೈಟಿಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಅವನ ಬರಹಗಳು ದಖನ್ನಿನ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದ ಮೊದಲ ಪುಟಗಳಲ್ಲಿ ಸೇರಿವೆ. ಅವನು ಯಾವ ವಿಶ್ವವಿದ್ಯಾಲಯವೂ ಕಳುಹಿಸಿದ ಶೋಧಕನಾಗಿರಲಿಲ್ಲ. ಅಲ್ಲಿ ಇರಬೇಕಾಗಿ ಬಂದದ್ದೇ ಅವನ ಅರ್ಹತೆಯಾಯಿತು.

ಹಾಗೆಂದು ಟೇಲರನನ್ನು ಆದರ್ಶವಾಗಿಸುವುದು ಸರಿಯಲ್ಲ. ಅವನು ಆಳಲು ಬಂದವನು. ಅವನು ಸಾಕಿ ಬೆಳೆಸಿದ ಅದೇ ವೆಂಕಟಪ್ಪನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೋತು ಸತ್ತ. ಅವನ ಸಿದ್ಧಾಂತವೂ ನಿಲ್ಲಲಿಲ್ಲ. ಯೂರೋಪಿನ ಇಂಥ ಕಲ್ಲುಕಟ್ಟಡಗಳನ್ನು ಬಲ್ಲ ಟೇಲರ್ ಸುರಪುರದ ಕಲ್ಲುಗಳನ್ನು ಸಿಥಿಯನ್ನರು, ಡ್ರೂಯಿಡರು ಎಂಬ ಹೊರಗಿನ ಹೆಸರುಗಳಿಗೆ ಕಟ್ಟಿಹಾಕಿದ. ಆ ಊಹೆ ಎಂದೋ ಬಿದ್ದುಹೋಯಿತು. ಅಳತೆಗಳು ಮತ್ತು ಚಿತ್ರಗಳು ಉಳಿದವು. ಇನ್ನೊಂದೂ ಉಳಿಯಿತು. ರಾಜನಕೋಳೂರಿನ ಕಲ್ಲುಮನೆಗಳನ್ನು ಸ್ಥಳೀಯರು ‘ಮೋರೇರ ಮನೆ’ ಎಂಬರ್ಥದ ಹೆಸರಿನಿಂದ ಕರೆಯುವುದನ್ನು ಅವನು ಕೇಳಿ ಬರೆದಿಟ್ಟ. ಬಹಳ ಹಿಂದೆ ಬದುಕಿದ್ದ ಕುಳ್ಳ ಜನರ ಮನೆಗಳು ಅವೆಂಬ ನಂಬಿಕೆ ತುಂಗಭದ್ರೆಯ ಕಡೆ ಹಿರೇಬೆಣಕಲ್ಲಿನ ಸುತ್ತಲೂ ಇದೆ. ಇತಿಹಾಸದ ಮೌರ್ಯರಿಗೂ ಈ ಮೋರೇರಿಗೂ ನೇರ ಸಂಬಂಧ ಹುಡುಕುವುದು ಸಾಹಸವಾದೀತು. ಆದರೆ ಅಷ್ಟು ದೂರದ ಎರಡು ಕಡೆಗಳಲ್ಲಿ ಒಂದೇ ಬಗೆಯ ಕಲ್ಲುಗಳಿಗೆ ಒಂದೇ ಬಗೆಯ ಕಥೆ ಅಂಟಿಕೊಂಡಿರುವುದು ಜಾನಪದದ ವಿದ್ಯಾರ್ಥಿಗೆ ಸಣ್ಣ ಸಂಗತಿಯಲ್ಲ. ಇಂಥ ಹೆಸರು ಪ್ರಶ್ನಾವಳಿಗೆ ಉತ್ತರವಾಗಿ ಬರುವುದಿಲ್ಲ. ಕೇಳುವವನು ಹಳಬನಾದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ ಬರುತ್ತದೆ.

ಎರಡನೆಯ ಉದಾಹರಣೆ ಇನ್ನೂ ಬಲವಾದದ್ದು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ತಮ್ಮ ವಿದ್ವತ್ ಜೀವನದ ಬಹುಭಾಗವನ್ನು ಈ ದೋಆಬಿಗೆ ಕೊಟ್ಟರು. ಇಲ್ಲಿಯ ನವಶಿಲಾಯುಗದ ಕುರಿತ ಅವರ ಗ್ರಂಥ 1973ರಲ್ಲಿ, ಹುಣಸಗಿ ಕಣಿವೆಯ ಆದಿ ಶಿಲಾಯುಗದ ಕುರಿತ ಗ್ರಂಥ 1982ರಲ್ಲಿ ಬಂದವು. ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಅವರು ಗುರುತಿಸಿದ ಅಷೂಲಿಯನ್ ನೆಲೆಗಳ ಸಂಖ್ಯೆ ದೊಡ್ಡದು. ಅವುಗಳಲ್ಲೊಂದಾದ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಹಾಸನ್ನು ಆಯ್ದುಕೊಂಡು ಕೈಗೊಡಲಿಗಳನ್ನು ತಯಾರಿಸಿದ ಜಾಗವನ್ನು 1997ರಿಂದ ಉತ್ಖನನ ಮಾಡಲಾಯಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಿತು. ಭಾರತದ ಪ್ರಾಗಿತಿಹಾಸದಲ್ಲಿ ಈ ಹಳ್ಳಿಯ ಹೆಸರು ಸ್ಥಿರವಾಗಿ ನಿಂತಿದೆ. ಜಿಲ್ಲೆಯ ಹೊರಗಿನ ಎಷ್ಟು ಮಂದಿ ಕನ್ನಡ ಸಂಶೋಧಕರು ಅಲ್ಲಿಗೆ ಹೋಗಿ ಬಂದಿದ್ದಾರೆಂದು ಕೇಳಿಕೊಂಡರೆ ಉತ್ತರ ಸಂತೋಷದ್ದಾಗಲಾರದು.

ಪದ್ದಯ್ಯನವರ ಕೆಲಸದಲ್ಲಿ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ನೆಲೆಗಳ ಸಂಖ್ಯೆಗಿಂತ ಅವುಗಳನ್ನು ಅವರು ಅರ್ಥಮಾಡಿಕೊಂಡ ಕ್ರಮ. ಕಣಿವೆಯ ನೆಲೆಗಳು ಒಂದೇ ಬಗೆಯವಲ್ಲ. ಕೆಲವು ಬತ್ತದ ಊಟೆಗಳ ಬಳಿ ಒತ್ತೊತ್ತಾಗಿವೆ, ಉಳಿದವು ಕಣಿವೆಯ ತುಂಬ ಚದುರಿವೆ. ಬೇಸಿಗೆಯಲ್ಲಿ ನೀರು ಉಳಿಯುವ ಕೆಲವೇ ಊಟೆಗಳ ಸುತ್ತ ಗುಂಪುಗಳು ಕೂಡಿಕೊಳ್ಳುತ್ತಿದ್ದವು, ಮಳೆ ಬಿದ್ದು ಹಳ್ಳ–ಹೊಂಡ ತುಂಬಿ ಗಿಡಬಳ್ಳಿಗಳು ಚಿಗುರಿದಾಗ ಅವು ಕಣಿವೆಯಾದ್ಯಂತ ಚದುರಿಕೊಳ್ಳುತ್ತಿದ್ದವು ಎಂಬುದು ಅವರು ಮುಂದಿಟ್ಟ ವಿವರಣೆ. ಈ ವಿವರಣೆ ಪ್ರಯೋಗಾಲಯದಲ್ಲಿ ಹುಟ್ಟುವಂಥದಲ್ಲ. ಯಾವ ಊಟೆ ವೈಶಾಖದಲ್ಲೂ ಒಸರುತ್ತದೆ, ಯಾವ ಹಳ್ಳ ಆಷಾಢದಲ್ಲಿ ಮಾತ್ರ ಹರಿಯುತ್ತದೆ, ಯಾವ ಕಾಯಿ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ ಎಂಬುದನ್ನು ವರ್ಷದ ಎರಡೂ ತುದಿಗಳಲ್ಲಿ ಕಂಡವರಿಗಷ್ಟೇ ಅದು ಹೊಳೆಯಬಲ್ಲದು. ಚಳಿಗಾಲದಲ್ಲಿ ಮಾತ್ರ ಕಣಿವೆಯನ್ನು ಕಂಡವನಿಗೆ ನೆಲೆಗಳ ನಕ್ಷೆ ದೊರೆಯುತ್ತಿತ್ತು, ಅವುಗಳ ನಡುವಿನ ಸಂಬಂಧ ದೊರೆಯುತ್ತಿರಲಿಲ್ಲ. ಈ ಸೀಮೆಯಲ್ಲಿ ಋತು ಎಂಬುದು ಅಧ್ಯಯನದ ಅನುಕೂಲ–ಅನನುಕೂಲಗಳ ವಿಷಯವಲ್ಲ, ಅದೇ ಒಂದು ಆಕರ.

ನವಶಿಲಾಯುಗದ ಬೂದಿದಿಬ್ಬಗಳ ವಿಷಯದಲ್ಲೂ ಇದೇ ಮಾತು. ಹೆಸರಿನಲ್ಲೇ ಬೂದಿಯನ್ನು ಇಟ್ಟುಕೊಂಡಿರುವ ಬೂದಿಹಾಳದಲ್ಲಿ ಪದ್ದಯ್ಯನವರು 1990ರ ದಶಕದಲ್ಲಿ ವಿಸ್ತಾರವಾದ ಉತ್ಖನನ ನಡೆಸಿ, ದನಗಾಹಿ ಜನರ ವಸತಿ, ದೊಡ್ಡಿ ಮತ್ತು ಸಗಣಿ ಸುಟ್ಟ ರಾಶಿಗಳು ಒಂದೇ ನೆಲೆಯ ಅಂಗಗಳೆಂಬುದನ್ನು ತೋರಿಸಿದರು. ಇಂಥ ದಿಬ್ಬಗಳು, ಮಡಕೆ ಚೂರುಗಳ ಹರವು, ಹಳೆಯ ಊರಿನ ಹಾಳುಗಳು ಹೊಲದಲ್ಲಿ ಬೆಳೆ ನಿಂತಾಗ ಕಾಣುವುದಿಲ್ಲ. ತೊಗರಿ, ಹತ್ತಿ, ಜೋಳ ಕೊಯ್ದು ನೆಲ ಬರಿದಾದಾಗ ಬೂದಿಯ ಬಿಳುಪು ಎರೆಮಣ್ಣಿನ ಕಪ್ಪಿನಿಂದ ಬೇರೆಯಾಗಿ ನಿಲ್ಲುತ್ತದೆ. ಮೊದಲ ಮಳೆ ಮೇಲ್ಮಣ್ಣನ್ನು ತೊಳೆದ ಮರುದಿನ ಚೂರುಗಳು ಎದ್ದು ಕಾಣುತ್ತವೆ. ಪ್ರವಾಸದ ಹಂಗಾಮು ಬೆಳೆ ನಿಂತ ಹಂಗಾಮು; ನೆಲ ಮಾತನಾಡುವ ಹಂಗಾಮು ಅದಾದ ಮೇಲಿನದು.

ಹಂಗಾಮಲ್ಲದ ಕಾಲದಲ್ಲಿ ಒಂದು ಊರಿನಲ್ಲಿ ದೀರ್ಘವಾಗಿ ನಿಲ್ಲುವುದು ಈ ನಾಡಿಗೆ ಹೊಸ ವಿಚಾರವೂ ಅಲ್ಲ. ಶ್ರಮಣ ಪರಂಪರೆಗಳು ಅದನ್ನು ನಿಯಮವಾಗಿಯೇ ಪಾಲಿಸಿದವು. ಸಂಚಾರವೇ ಧರ್ಮವಾದ ಜೈನ ಮುನಿಗಳಿಗೆ ಆಷಾಢದಿಂದ ಕಾರ್ತಿಕದವರೆಗಿನ ವರ್ಷಾಯೋಗ ಒಂದೇ ನೆಲೆಯ ವಾಸ. ಬೌದ್ಧ ಭಿಕ್ಷುಗಳಿಗೂ ವರ್ಷಾವಾಸವುಂಟು. ಮಳೆಗಾಲದ ನೆಲದಲ್ಲಿ ಹುಟ್ಟಿ ಹರಿದಾಡುವ ಜೀವಗಳಿಗೆ ಹಿಂಸೆಯಾಗದಿರಲಿ ಎಂಬುದು ಇದರ ಮೂಲ ಕಾರಣ. ಇದರ ಫಲ ವಿದ್ಯೆಗೂ ದಕ್ಕಿತು. ನಾಲ್ಕು ತಿಂಗಳು ನಿಂತಲ್ಲಿ ಪ್ರವಚನ ನಡೆಯಿತು, ಓಲೆಗಳ ಪ್ರತಿ ಎತ್ತಲಾಯಿತು, ಊರಿನ ನುಡಿ ಕಿವಿಗೆ ಬಿತ್ತು. ಬೋನಾಳದ ಈಶಾನ್ಯಕ್ಕೆ ಭೀಮೆಯ ದಂಡೆಯಲ್ಲಿ ಸನ್ನತಿ, ಕನಗನಹಳ್ಳಿಗಳ ಬೌದ್ಧ ಅವಶೇಷಗಳಿವೆ. ಅದಕ್ಕೂ ಆಚೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವಿದೆ. ಹೊರಗಿನಿಂದ ಮಾನ್ಯಖೇಟಕ್ಕೆ ಬಂದ ಅಪಭ್ರಂಶ ಕವಿ ಪುಷ್ಪದಂತ ಮಂತ್ರಿ ಭರತನ ಆಶ್ರಯದಲ್ಲಿ ನೆಲೆನಿಂತು 959ರಿಂದ 965ರವರೆಗೆ ಮಹಾಪುರಾಣವನ್ನು ರಚಿಸಿದನು. ದಾರಿಹೋಕನಾಗಿ ಬಂದವನು ನಿಂತದ್ದರಿಂದ ಆದ ಲಾಭ ಯಾವ ಭಾಷೆಗೆ ಎಷ್ಟು ಎಂಬುದನ್ನು ಸಾಹಿತ್ಯ ಚರಿತ್ರೆ ಲೆಕ್ಕ ಹಾಕಿ ಮುಗಿಸಿಲ್ಲ.

ಹೀಗೆ ನಿಲ್ಲಬಯಸುವವರಿಗೆ ಸುರಪುರ ತಕ್ಕ ಊರು. ದೊಡ್ಡ ನಗರದ ಗದ್ದಲವಿಲ್ಲ, ಹಳ್ಳಿಯ ಅಭಾವವೂ ಇಲ್ಲ. ಗುಡ್ಡಗಳ ನಡುವೆ ಹರಡಿರುವ ಈ ಹಳೆಯ ರಾಜಧಾನಿಯಿಂದ ಬೋನಾಳ ಒಂದು ಬೆಳಗಿನ ದಾರಿ. ಪಕ್ಕದಲ್ಲೇ ವಾಗಣಗೇರಿ ಇದೆ: 1705ರಲ್ಲಿ ಔರಂಗಜೇಬ ತಾನೇ ನಿಂತು ನಡೆಸಿದ ಕೊನೆಯ ಮುತ್ತಿಗೆ ಈ ಕೋಟೆಯ ಮೇಲಿನದು. ತಿಂಗಳುಗಟ್ಟಲೆ ಹೋರಾಡಿದ ಪಿಡ್ಡನಾಯಕನ ಕಡೆಯವರು ಕೊನೆಗೆ ಕೋಟೆಯನ್ನು ಬಿಟ್ಟು ಜಾರಿಕೊಂಡರು. ಮೊಘಲ್ ಚಕ್ರವರ್ತಿಗೆ ಸಿಕ್ಕಿದ್ದು ಬರಿದಾದ ಗುಡ್ಡ. ಆ ಗುಡ್ಡವನ್ನು ಪುಸ್ತಕ ಹಿಡಿದು ಒಮ್ಮೆ ಹತ್ತುವುದು ಒಂದು ಬಗೆ. ಬಾವಿಯ ನೀರು ಯಾವ ತಿಂಗಳಲ್ಲಿ ಬತ್ತುತ್ತದೆಂದು ತಿಳಿದ ಮೇಲೆ, ಬೇಸಿಗೆಯಲ್ಲಿ ಮುಗಿದ ಆ ಮುತ್ತಿಗೆಯನ್ನು ಮತ್ತೆ ಓದುವುದು ಇನ್ನೊಂದು ಬಗೆ.

ಹೊರಗಿನವರಿಗೆ ಹಂಗಾಮಲ್ಲದ ಕಾಲ ಊರಿನವರಿಗೆ ಅವರದೇ ಹಂಗಾಮು ಎಂಬುದನ್ನೂ ಗಮನಿಸಬೇಕು. ಶ್ರಾವಣದಲ್ಲಿ, ಕೃಷ್ಣ ಜನ್ಮಾಷ್ಟಮಿಯ ಬೆನ್ನಿಗೆ, ಸುರಪುರದ ವೇಣುಗೋಪಾಲಸ್ವಾಮಿ ದೇವಾಲಯದಲ್ಲಿ ಹಾಲೋಕುಳಿ ನಡೆಯುತ್ತದೆ. ಎತ್ತರದ ಜಾರುವ ಕಂಬಗಳನ್ನು ಯುವಕರು ಒಬ್ಬರ ಹೆಗಲನ್ನೊಬ್ಬರು ತುಳಿದು ಏರುತ್ತಾರೆ, ಮೇಲಿನಿಂದ ನೀರು ಸುರಿಯುತ್ತದೆ. ಅರಮನೆ, ಗುಡಿ, ಕೇರಿಗಳ ನಡುವಿನ ಹಳೆಯ ಸಂಬಂಧಗಳ ಕ್ರಮವನ್ನು ಒಂದು ಸಂಜೆಯಲ್ಲಿ ಕಣ್ಣಾರೆ ಕಾಣಬಹುದಾದ ಸಂದರ್ಭವಿದು. ಸಂಸ್ಥಾನದ ಆಶ್ರಯದಲ್ಲಿ ಬೆಳೆದ ಸುರಪುರ ಚಿತ್ರಕಲೆಯ ಹಿನ್ನೆಲೆಯನ್ನು ತಿಳಿಯಬಯಸುವವರಿಗೂ ವಸ್ತುಸಂಗ್ರಹಾಲಯದ ಗಾಜಿನಾಚೆಯ ಪಟಕ್ಕಿಂತ ಈ ಬೀದಿಗಳೇ ಹೆಚ್ಚು ತಿಳಿಸಬಲ್ಲವು.

ಸಾಹಿತ್ಯದ ವಿದ್ಯಾರ್ಥಿಗೆ ಕೆರೆ, ಕಲ್ಲು, ಬೂದಿಗಳಿಂದ ಏನಾಗಬೇಕು ಎಂಬ ಪ್ರಶ್ನೆ ಏಳಬಹುದು. ಕನ್ನಡ ಶಾಸನಗಳನ್ನು ಪಠ್ಯವಾಗಿ ಓದುವ ವಿದ್ಯಾರ್ಥಿ ಕೆರೆ, ತೂಬು, ಕೋಡಿ, ಬಿತ್ತುವಟ್ಟ, ಕಟ್ಟುಗೊಡಗೆ ಮುಂತಾದ ಪದಗಳನ್ನು ಪದಕೋಶದ ನೆರವಿನಿಂದ ದಾಟಿಹೋಗುತ್ತಾನೆ. ಕೆರೆಯನ್ನು ಕಟ್ಟಿದವನಿಗೆ, ಕಾಯುವವನಿಗೆ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಟ್ಟ ದಾನ ಇದು ಎಂಬ ಅರ್ಥ ಅವನಿಗೆ ತಿಳಿದಿರುತ್ತದೆ. ಆ ಭೂಮಿ ಏರಿಯ ಕೆಳಗಿನದೋ ದೂರದ್ದೋ ಎಂಬುದರಿಂದ ದಾನದ ತೂಕವೇ ಬದಲಾಗುತ್ತದೆಂಬುದು ತಿಳಿದಿರುವುದಿಲ್ಲ. ನೀರಿಳಿದ ಕೆರೆಯೊಂದನ್ನು ಒಮ್ಮೆ ಸುತ್ತಿ ಬಂದವನು ಈ ಪದಗಳನ್ನು ಬೇರೆಯಾಗಿ ಓದುತ್ತಾನೆ. ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನ ಮುದನೂರು ಇದೇ ಸೀಮೆಯಲ್ಲಿದೆ. ಅವನ ಅಂಕಿತದ ರಾಮನಾಥನ ಗುಡಿ ಅಲ್ಲಿದೆ. ನೇಯ್ಗೆಯವನ ಕಣ್ಣಿನಿಂದ ಲೋಕವನ್ನು ಕಂಡ ಆ ವಚನಗಳಲ್ಲಿ ನೆಲ, ಬೆಳೆ, ಗಾಳಿಗಳು ಹೊರುವ ಅರ್ಥ ಸುರಪುರದ ಬಿಸಿಲಿನಲ್ಲಿ ಒಂದು ತಿಂಗಳು ಕಳೆದವನಿಗೆ ತರಗತಿಯಲ್ಲಿ ದಕ್ಕಿದ್ದಕ್ಕಿಂತ ಹೆಚ್ಚೇ ದಕ್ಕೀತು.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹುಸಿಯೂ ಅಲ್ಲ. ಶೋಧಗಳು ವಾಸದಿಂದ ಆಗುವುದಕ್ಕಿಂತ ಆಕಸ್ಮಿಕವಾಗಿ ಆಗುವುದೇ ಹೆಚ್ಚು ಎಂಬುದು ಮೊದಲನೆಯದು. ಸನ್ನತಿಯ ಅಶೋಕ ಶಾಸನವನ್ನೇ ನೋಡಬಹುದು: ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಮಾಳಿಗೆ 1980ರ ದಶಕದಲ್ಲಿ ಕುಸಿಯದಿದ್ದರೆ, ಮೂರ್ತಿಯ ಪೀಠವಾಗಿ ಪೂಜೆಗೊಳ್ಳುತ್ತಿದ್ದ ಆ ಕಲ್ಲಿನ ಬರಹ ಇನ್ನೂ ಎಷ್ಟು ಕಾಲ ಓದುಗರಿಲ್ಲದೆ ಇರುತ್ತಿತ್ತೋ. ಇದು ನಿಜ. ಆದರೆ ಗುಡಿಯ ಮಾಳಿಗೆ ಸಂಶೋಧಕರ ವೇಳಾಪಟ್ಟಿಯನ್ನು ನೋಡಿ ಬೀಳುವುದಿಲ್ಲ. ಹತ್ತಿರದಲ್ಲಿ ಬಲ್ಲವರಿಲ್ಲದ ಕಡೆ ಇಂಥ ಕಲ್ಲುಗಳು ಹೊಸ ಗೋಡೆಯ ತಳಪಾಯಕ್ಕೆ ಹೋದ ಸಂದರ್ಭಗಳೂ ಕಡಿಮೆ ಇರಲಾರವು.

ಎರಡನೆಯ ಆಕ್ಷೇಪ ವ್ಯಾವಹಾರಿಕ. ಬೇಸಿಗೆಯ ಉರಿ, ಸಣ್ಣ ಊರಿನಲ್ಲಿ ವಸತಿಯ ತೊಂದರೆ, ಸಂಶೋಧನಾ ವೇತನ ಕೈಗೆ ಬರುವ ವಿಳಂಬ, ಒಂಟಿಯಾಗಿ ಹೊಲ–ಗುಡ್ಡ ಸುತ್ತಬೇಕಾದ ವಿದ್ಯಾರ್ಥಿನಿಯರ ಸುರಕ್ಷತೆ ಇವೆಲ್ಲ ಎದುರಿಸಲೇಬೇಕಾದ ಸಮಸ್ಯೆಗಳು. ಇವುಗಳನ್ನು ವ್ಯಕ್ತಿಯ ಉತ್ಸಾಹಕ್ಕೆ ಬಿಡಬಾರದು, ಸಂಸ್ಥೆಗಳು ಹೊರಬೇಕು. ಮೂರನೆಯದು ಎಲ್ಲಕ್ಕಿಂತ ಗಂಭೀರ: ಅಪರಿಚಿತ ನೆಲೆಯನ್ನು ಪರಿಚಿತಗೊಳಿಸುವುದೇ ಅದರ ನಾಶಕ್ಕೆ ದಾರಿಯಾಗಬಹುದು. ಕಲ್ಲುಗೋರಿಗಳ ಕೆಳಗೆ ನಿಧಿಯಿದೆಯೆಂಬ ಭ್ರಮೆಯಿಂದ ಅಗೆದುಹಾಕಿದ ಬೃಹತ್ ಶಿಲಾ ಸಮಾಧಿಗಳು ಕರ್ನಾಟಕದಲ್ಲಿ ಹಲವು. ಆದಕಾರಣ ಹುಡುಕಿದವರು ಮೊದಲು ಮಾಡಬೇಕಾದದ್ದು ಊರಿನ ಹಿರಿಯರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಿ, ಅಳತೆ, ನಕ್ಷೆ, ಚಿತ್ರಗಳನ್ನು ದಾಖಲಿಸುವುದು. ದಾರಿಯ ವಿವರದ ಪ್ರಚಾರ ಕೊನೆಯ ಕೆಲಸ. ಅನೇಕ ಕಡೆ ಅದು ಬೇಡವೇ ಬೇಡ. ಊರಿನವರಿಗೆ ಈ ಸ್ಥಳಗಳು ಎಂದೂ ಅಪರಿಚಿತವಾಗಿರಲಿಲ್ಲ ಎಂಬ ವಿನಯವೂ ಇದರೊಂದಿಗೆ ಇರಬೇಕು. ಬೋನಾಳದ ಮೀನುಗಾರನಿಗೆ ಕೆರೆಯ ಆಳ ತಿಳಿದಿದೆ, ಕುರಿ ಮೇಯಿಸುವವನಿಗೆ ಗುಡ್ಡದ ಪ್ರತಿ ಕಲ್ಲೂ ತಿಳಿದಿದೆ. ಅಪರಿಚಿತತೆ ಇರುವುದು ಪುಸ್ತಕದ ಕಡೆ.

ಕಾಲವೂ ಕಾಯುವುದಿಲ್ಲ. ಎಫ್. ಆರ್. ಆಲ್ಚಿನ್ 1956ರಲ್ಲಿ ದಕ್ಷಿಣ ಹೈದರಾಬಾದ್ ಸೀಮೆಯ ಕಲ್ಲುಸಾಲುಗಳ ಬಗೆಗೆ ಪ್ರಬಂಧ ಬರೆದಾಗ ಇವು ಏಕೆ ನಿಂತಿವೆ ಎಂಬುದು ಬಗೆಹರಿಯದ ಪ್ರಶ್ನೆಯಾಗಿತ್ತು. ಪ್ರಶ್ನೆ ಇಂದಿಗೂ ಉಳಿದಿದೆ, ಕಲ್ಲುಗಳು ಮಾತ್ರ ಕಡಿಮೆಯಾಗುತ್ತ ಬಂದಿವೆ. ಟೇಲರ್ ಕಂಡ ವಿಭೂತಿಹಳ್ಳಿಯ ಸಾಲುಗಳಲ್ಲಿ ಒಂದಿಷ್ಟು ಭಾಗ ಇಂದು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ; ಸಾಗುವಳಿಗೂ ಕಲ್ಲು ಒಡೆಯುವುದಕ್ಕೂ ತುತ್ತಾದದ್ದು ಹಿಂದಿರುಗುವುದಿಲ್ಲ. ಹೊಲ ಸಮ ಮಾಡುವುದು, ದಿಬ್ಬದ ಮಣ್ಣು ಸಾಗಿಸುವುದು, ಕೆರೆಯ ಹೂಳೆತ್ತುವುದು, ಗುಡ್ಡದ ಬದಿ ಒಡೆಯುವುದು ಈ ಎಲ್ಲ ಕೆಲಸಗಳು ನಡೆಯುವುದು ಬೆಳೆಯಿಲ್ಲದ ಬೇಸಿಗೆಯಲ್ಲಿ. ನೆಲೆಗಳು ಅತ್ಯಂತ ಸ್ಪಷ್ಟವಾಗಿ ಕಾಣುವ ಕಾಲವೂ ಅವು ಅಳಿಯುವ ಕಾಲವೂ ಒಂದೇ. ವಿದ್ವಾಂಸರು ಊರಿನಲ್ಲಿಲ್ಲದ ಕಾಲವೂ ಅದೇ ಆಗಿರುವುದು ಕಾಕತಾಳೀಯವಾದರೂ, ಹಾಗೆಯೇ ಮುಂದುವರಿಯಗೊಡುವುದು ಅಪರಾಧಕ್ಕೆ ಹತ್ತಿರದ್ದು.

ಮಾಡಬಹುದಾದದ್ದು ಅಸಾಧ್ಯವೇನಲ್ಲ. 1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯ, 1991ರಿಂದ ಇರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ಈ ಭಾಗದ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳು ಸಂಶೋಧನಾ ಪದವಿಯ ಅವಧಿಯಲ್ಲಿ ಒಂದು ತಿಂಗಳ ಹಂಗಾಮಲ್ಲದ ವಾಸವನ್ನು ಕಡ್ಡಾಯ ಮಾಡಬಹುದು. ಸುರಪುರ, ಶಹಾಪುರ, ಹುಣಸಗಿಯಂಥ ಊರುಗಳಲ್ಲಿ ಇಬ್ಬಿಬ್ಬರಾಗಿ ವಿದ್ಯಾರ್ಥಿಗಳು ಉಳಿಯಲಿ; ವಸತಿಯ ಹೊಣೆಯನ್ನು ಸ್ಥಳೀಯ ಕಾಲೇಜು ಹೊರಲಿ. ಬಿಸಿಲೇರುವ ಮುನ್ನ ಹೊಲ–ಕೆರೆಗಳನ್ನು ಸುತ್ತುವುದು, ನಡುಹಗಲು ದಾಖಲೆಗಳನ್ನು ಓದುವುದು, ಸಂಜೆ ಕಟ್ಟೆಯ ಮೇಲೆ ಕುಳಿತು ಹಿರಿಯರ ಮಾತು ಕೇಳುವುದು ದಿನಚರಿಯಾಗಲಿ. ಹೊಲ, ಹಳ್ಳ, ದಿಬ್ಬ, ಬಾವಿಗಳ ಹೆಸರುಗಳ ಒಂದು ಪಟ್ಟಿ, ಒಂದು ಕೆರೆಯ ಪೂರ್ಣ ವಿವರಣೆ, ಒಂದು ಕೈನಕ್ಷೆ: ತಿಂಗಳ ಕೊನೆಗೆ ಇಷ್ಟು ಬಂದರೆ ಸಾಕು. ಮೊದಲ ವಾರದಲ್ಲಿ ವಿದ್ಯಾರ್ಥಿಗೆ ಬೇಸರವಾಗುತ್ತದೆ. ನೋಡಬೇಕಾದ ನಾಲ್ಕು ಸ್ಥಳಗಳು ಮುಗಿದಿರುತ್ತವೆ, ದಿನಗಳು ಉಳಿದಿರುತ್ತವೆ. ಆ ಬೇಸರವನ್ನು ದಾಟಿದ ಮೇಲೆ ಸಿಗುವುದೇ ಕೈಪಿಡಿಯಲ್ಲಿಲ್ಲದ್ದು. ನೂರು ಉಲ್ಲೇಖಗಳ ಮಹಾಪ್ರಬಂಧಕ್ಕಿಂತ ಇಂಥ ಹತ್ತು ಪುಟಗಳು ಐವತ್ತು ವರ್ಷಗಳ ಅನಂತರ ಹೆಚ್ಚು ಬೆಲೆ ಬಾಳಿಯಾವು; ಟೇಲರನ ಊಹೆಗಳು ಸತ್ತು ಅಳತೆಗಳು ಬದುಕಿದ್ದನ್ನು ನೆನೆದರೆ ಇದರಲ್ಲಿ ಅತಿಶಯವಿಲ್ಲ.

ಬ್ಯಾಸಗಿ ಮುಗಿದು ರೋಹಿಣಿಯೋ ಮೃಗಶಿರವೋ ಸುರಿದಾಗ ಬೋನಾಳದ ಅಂಗಳ ಮತ್ತೆ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಮೊದಲು ತಗ್ಗುಗಳು, ಆಮೇಲೆ ತೂಬಿನ ಬುಡ, ಆಮೇಲೆ ಏರಿಯ ಒಳಮೈ. ಕಾರ್ತಿಕ ಕಳೆದು ಹೆಬ್ಬಾತುಗಳು ಬರುವ ಹೊತ್ತಿಗೆ ಪಾಮನಾಯಕನ ಕಟ್ಟಡ ನೀರಿನ ಕೆಳಗಿರುತ್ತದೆ; ಬಂದವರು ಹಕ್ಕಿಗಳನ್ನು ಕಂಡು ಸಂತೋಷಪಟ್ಟು ಹೋಗುತ್ತಾರೆ. ಅವರು ಬರಲಿ, ಹಕ್ಕಿಗಳೂ ಇರಲಿ. ಅದಕ್ಕೆ ಮೊದಲು, ನೀರಿಲ್ಲದ ಮೂರು ತಿಂಗಳಲ್ಲಿ, ಒಬ್ಬ ವಿದ್ಯಾರ್ಥಿಯಾದರೂ ಅಲ್ಲಿ ಇದ್ದು ತೂಬಿನ ಕಲ್ಲುಗಳನ್ನು ಎಣಿಸಿ ಬರೆದಿಟ್ಟುಕೊಂಡಿರಬೇಕು.